ಮಡಿಯಲ್ಲಿ ಕಲಿತ ಎದೆ ಪರೀಕ್ಷೆ

ಸಿದ್ದಾಪುರ ಪೇಟೆಯಲ್ಲಿ ನಮ್ಮ ಸೋದರತ್ತೆಯ ಪಾಲಿಗೆ ಮೈಲಿಗೆಯಾಗದ ವಸ್ತುಗಳು ಎರಡೇ: ಒಂದು ಬೆಂಕಿ, ಇನ್ನೊಂದು ಅವಳ ನಾಲಿಗೆ! ಒಣಹಾಕಿದ ಮಡಿಸೀರೆಯ ಮೇಲೆ ಕಾಗೆಯ ನೆರಳು ಬಿದ್ದರೂ ಮತ್ತೆ ಬಚ್ಚಲಿಗೆ ಹೋಗುವವಳು. ೧೯೬೨ರ ಬೇಸಿಗೆ ರಜೆಯಲ್ಲಿ ಒಂದೇ ದಿನ ಐದು ಸಲ ಮಿಂದದ್ದು ನನ್ನ ಡೈರಿಯಲ್ಲಿದೆ. ಐದನೆಯದಕ್ಕೆ ಕಾರಣ ನಾನು.

ನಾನಾಗ ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದುತ್ತಿದ್ದೆ. ರಜೆ ಮುಗಿದೊಡನೆ ಪರೀಕ್ಷಕರೆದುರು ರೋಗಿಯ ಎದೆ ಪರೀಕ್ಷಿಸಿ ತೋರಿಸಬೇಕು. ಅಲ್ಲಿ ತಪ್ಪಿದರೆ ಆರು ತಿಂಗಳು ಹಿಂದೆ. ಅತ್ತೆಗೋ ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟಿತ್ತು. ಕಲಿಯುವವನಿಗೆ ಮನೆಯಲ್ಲೇ ಇಂಥ ಎದೆ ಸಿಗುವುದೆಂದರೆ! ಧೈರ್ಯ ಮಾಡಿ ಕೇಳುತ್ತಲೇ ಕೈ ಚಾಚಿದೆ. ಬೆರಳು ಸೆರಗಿಗೆ ತಾಗಿತು. ಐದನೆಯ ಸ್ನಾನ ಅದೇ.

ಮಿಂದು ಬಂದವಳು ನನ್ನ ಸ್ಟೆತಾಸ್ಕೋಪಿನ ಕುಲಗೋತ್ರ ವಿಚಾರಿಸಿದಳು. ಕೊಳವೆ ರಬ್ಬರಿನದು ಎಂದೆ.

"ರಬ್ಬರು ಅಂದ್ರೆ ಮರದ ಹಾಲು. ಮರಕ್ಕೆ ಎಂತ ಮೈಲಿಗೆ ತಮಾ? ಅದ್ನ ಇಡು. ಕೈ ಮಾತ್ರ ತಾಗ್ಸಡ."

ತುದಿಯ ಬಿಲ್ಲೆಗೆ ನೀರು ಚಿಮುಕಿಸಿ, ತಾನೇ ಎದೆಗೆ ಒತ್ತಿಕೊಂಡಳು. ನಾನು ಕೊಳವೆಯ ಉದ್ದಕ್ಕೆ ಸರಿದು ಕುಳಿತು ಕಿವಿಗೊಟ್ಟೆ. ದಿನವೂ ಇದೇ ವ್ಯವಸ್ಥೆ. ರಜೆ ಮುಗಿಯುವಷ್ಟರಲ್ಲಿ ಆ ಸದ್ದು ನನಗೆ ಬಾಯಿಪಾಠ.

ಪರೀಕ್ಷೆಯ ದಿನ ನೋಡಿದರೆ, ನನ್ನ ಪಾಲಿಗೆ ಬಂದ ರೋಗಿಗೂ ಅದೇ ಕಾಯಿಲೆ! ಸೀದಾ ಕೊಳವೆಯಿಟ್ಟೆ, ಕೇಳಿದೆ, ಕಾಯಿಲೆಯ ಹೆಸರು ಹೇಳಿಬಿಟ್ಟೆ. ಪರೀಕ್ಷಕರು ತಲೆಯಾಡಿಸಲಿಲ್ಲ.

"ಕೈ ಇಟ್ಟು ಯಾಕ ನೋಡ್ಲಿಲ್ಲ?"

ನೋಡು, ಮುಟ್ಟು, ತಟ್ಟು, ಕಡೆಗೆ ಕೇಳು. ವರ್ಷವಿಡೀ ಅರೆದು ಕುಡಿಸಿದ ಕ್ರಮ ಅದು. ಮುಟ್ಟಿದರೆ ಅತ್ತೆ ಮೀಯಬೇಕಾಗುತ್ತದೆ ಎಂದು ಹೇಳಲಾದೀತೆ? ಫೇಲಾದೆ.

ದೀಪಾವಳಿಗೆ ಊರಿಗೆ ಬಂದಾಗ ಅಪ್ಪನೆದುರು ನಿಂತು, ಕೈಯಿಟ್ಟು ನೋಡದೆ ಹೋದದ್ದೇ ಕಾರಣವೆಂದು ಹೇಳಬೇಕಾಯಿತು. ಮುಂದಿನ ವಾರವೇ ಮರುಪರೀಕ್ಷೆ; ಇನ್ನೊಮ್ಮೆ ಫೇಲಾದರೆ ಓದು ಬಿಡಿಸಿಬಿಡುತ್ತೇನೆ ಎಂದರು ಅಪ್ಪ. ಅತ್ತೆ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದಳು.

ಮರುದಿನ ಬೆಳಿಗ್ಗೆ ಮಿಂದು, ಮಡಿಯುಟ್ಟು, ಪೂಜೆಗೆ ಮೊದಲು ಬಂದು ನನ್ನೆದುರು ಕುಳಿತಳು.

"ಕೈ ಇಡು."

"ಅತ್ತೆ, ಮಡಿ..."

"ಗೊತ್ತಿದ್ದು. ಇಡು."

ಇಟ್ಟೆ. ಬೆಕ್ಕು ಗುರುಗುಟ್ಟುವಂಥ ನಡುಕವೊಂದು ಅಂಗೈಗೆ ಸಿಕ್ಕಿತು. ಪುಸ್ತಕದಲ್ಲಿ ಓದಿದ್ದೆನಷ್ಟೆ, ಇಡೀ ಬೇಸಿಗೆ ಅದು ನನ್ನೆದುರೇ ಕೂತಿತ್ತು! ಕೈ ತೆಗೆಯಹೋದರೆ, ಅದರ ಮೇಲೆ ತನ್ನ ಕೈಯಿಟ್ಟು ಒತ್ತಿಹಿಡಿದಳು. ಮಾವ ತೀರಿದ ಮೇಲೆ ಅವಳನ್ನು ಯಾರಾದರೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

"ಗಡಿಬಿಡಿ ಮಾಡಡ ತಮಾ. ಸಮಾ ನೋಡು."

ಮುಂದಿನ ವಾರ ಕೈಯಿಟ್ಟೇ ಪಾಸಾದೆ. ಆದರೆ ನನಗೆ ಮರೆಯದೆ ಉಳಿದದ್ದು ಆ ಬೆಳಗು. ಬಚ್ಚಲಲ್ಲಿ ನೀರು ಕಾಯ್ದಿತ್ತು. ಅತ್ತೆ ಅತ್ತ ಹೋಗಲಿಲ್ಲ. ಅದೇ ಸೀರೆಯಲ್ಲಿ ದೇವರ ಮುಂದೆ ಕುಳಿತು ದೀಪ ಹಚ್ಚಿದಳು.