ಚೌರಪ್ಪ ಗಂಟೆಯ ಹಗ್ಗ ಬಿಟ್ಟ ದಿನ

ಕನಕಪುರದಾಚೆಯ ಆ ಕ್ರೈಸ್ತರ ಹಳ್ಳಿಯಲ್ಲಿ ಚರ್ಚಿನ ಗಂಟೆಯ ಹಗ್ಗವನ್ನು ಚೌರಪ್ಪ ಇನ್ನೊಬ್ಬರ ಕೈಗೆ ಕೊಟ್ಟವನೇ ಅಲ್ಲ. ಯಾರಾದರೂ ಮುಟ್ಟಿದರೆ ಚರ್ಚಿನ ಬಾಗಿಲಲ್ಲೇ ಮಂಗಳಾರತಿ ಆಗುತ್ತಿತ್ತು.

ಪವಿತ್ರ ವಾರದ ಬುಧವಾರ ಪೂಜೆ ಮುಗಿದದ್ದೇ ಫಾದರ್ ಎಲ್ಲರೆದುರೇ ಹೇಳಿಬಿಟ್ಟರು.

"ಚೌರಪ್ಪ, ಇವತ್ತೊಂದು ದಿನ ಹಗ್ಗ ಇನ್ನಾಸಪ್ಪನಿಗೆ ಬಿಡು. ಸಂಜೆ ಆರರ ಗಂಟೆ ಹೊಡೆಯೋವರೆಗೂ ಸಿಟ್ಟು ಮಾಡಬೇಡ. ಮಾಡಿದೆಯೋ, ಶುಕ್ರವಾರ ಶಿಲುಬೆ ಹೊರೋನೂ ಇನ್ನಾಸಪ್ಪನೇ."

ಶುಭ ಶುಕ್ರವಾರದ ಮೆರವಣಿಗೆಯಲ್ಲಿ ಚೌರಪ್ಪನ ಅಪ್ಪ ಹೊತ್ತು, ಈಗ ವರ್ಷವರ್ಷವೂ ತಾನು ಹೊರುತ್ತಿದ್ದ ಶಿಲುಬೆ. ಅದು ಕೈತಪ್ಪಿದರೆ ತಲೆ ಎತ್ತಿ ತಿರುಗುವುದು ಹೇಗೆ? "ಆಯ್ತು ಸ್ವಾಮಿ" ಎಂದು ಹಲ್ಲು ಕಚ್ಚಿಕೊಂಡು ಮನೆಗೆ ಬಂದ.

ಸುದ್ದಿ ಕೇಳಿದ ಪಕ್ಕದ ಹೊಲದ ಅಂಕಯ್ಯ ಆಗಲೇ ಜಗಲಿಯಲ್ಲಿ ಕೂತಿದ್ದ.

"ಚೌರಪ್ಪಣ್ಣ, ಹೋದ್ ತಿಂಗ್ಳು ನಿನ್ ಹಿಪ್ಪುನೇರಳೆ ಮೇಯ್ದಿದ್ದು ನಮ್ ಎಮ್ಮೆನೇ ಕಣಣ್ಣ. ಹೇಳಕ್ಕೆ ಒಳ್ಳೆ ದಿನ ಕಾಯ್ತಿದ್ದೆ."

"ಮೇಯ್ಲಿ ಬುಡು, ಮೂಕಪ್ರಾಣಿ," ಎಂದ ಚೌರಪ್ಪ. ಕಿವಿ ಮಾತ್ರ ಮೆಣಸಿನಕಾಯಿಯಂತೆ ಕೆಂಪಗಾಗಿತ್ತು.

ಅವನು ಹೋಗುವುದರೊಳಗೆ ಎದುರು ಮನೆಯ ಬೋರಮ್ಮ ಬಂದಳು. "ನಿಮ್ ಹಲಸಿನ ಕೊಂಬೆ ನಮ್ ಕೊಟ್ಟಿಗೆಗೆ ಅಡ್ಡ ಆಗಿತ್ತು, ಕಡ್ಸಾಕ್ಬುಟ್ಟೆ ಕಣಣ್ಣ."

ಮಧ್ಯಾಹ್ನ ಮುದ್ದೆ ಬಡಿಸುತ್ತಾ ಹೆಂಡತಿ ಲೂರ್ದಮ್ಮ ಮೆಲ್ಲಗೆ ಅಂದಳು: "ರಿಪೇರಿಗೆ ಕೊಟ್ಟಿವ್ನಿ ಅಂತ ನಾನಂದಿದ್ನಲ್ಲ ನಿಮ್ ರೇಡಿಯೋ? ಅದು ನಮ್ಮಣ್ಣನ ಮನೇಲೈತೆ."

ಚೌರಪ್ಪ ಮುದ್ದೆಯ ಜೊತೆಗೆ ಸಿಟ್ಟನ್ನೂ ನುಂಗಿದ.

ಸಂಜೆ ಚರ್ಚಿನ ಮೆಟ್ಟಿಲ ಮೇಲೆ ಬಂದು ಕೂತ. ತಮಾಷೆ ನೋಡಲು ಊರೂ ಬಂತು. ಢಣ್! ಢಣ್! ಗಂಟೆ ಮೊಳಗಿತು. ಇಪ್ಪತ್ತು ವರ್ಷ ಬಿಸಿಲು ನೋಡಿಯೇ ಹೊತ್ತು ಹೇಳಿದವನು ಆಕಾಶದ ಕಡೆ ಕಣ್ಣೂ ಎತ್ತಲಿಲ್ಲ.

"ಲೇ ಅಂಕ! ನಿನ್ ಎಮ್ಮೆ ಕಾಲ್ ಮುರೀತೀನಿ ಕಣ್ಲಾ! ಬೋರಮ್ಮ, ನನ್ ಮರ ಏನ್ ನಿಮ್ಮಪ್ಪ ನೆಟ್ಟಿದ್ನಾ? ಲೂರ್ದಿ, ನಿಮ್ಮಣ್ಣ ಆ ರೇಡಿಯೋ ತಲೆ ಮೇಲೆ ಹೊತ್ಕಂಡು ಬರ್ಬೇಕು!"

ಬೈದು ಬೈದು ಎದೆ ಹಗುರವಾಯಿತು. ಅಷ್ಟರಲ್ಲಿ ಫಾದರ್ ಕಾಫಿ ಲೋಟ ಹಿಡಿದುಕೊಂಡೇ ಓಡಿ ಬಂದರು.

"ಯಾರಯ್ಯಾ ಗಂಟೆ ಹೊಡೆದಿದ್ದು? ಇನ್ನೂ ಐದೂವರೆ!"

ಇನ್ನಾಸಪ್ಪ ಹಗ್ಗ ಬಿಟ್ಟು ಹೊರಗೆ ಬಂದು ಕೈಕಟ್ಟಿ ನಿಂತ.

"ತಪ್ಪಾಯ್ತು ಸ್ವಾಮಿ. ಚೌರಪ್ಪಣ್ಣ ಯಾವತ್ತೂ ಹಗ್ಗ ಮುಟ್ಟಕ್ಕೆ ಬುಟ್ಟಿರ್ನಿಲ್ಲ. ಆರ್ ಗಂಟೇಲಿ ಎಡವಟ್ಟಾದಾತು ಅಂತ ಒಸಿ ಅಭ್ಯಾಸ ಮಾಡ್ದೆ."

ಶುಕ್ರವಾರ ಇನ್ನಾಸಪ್ಪ ಶಿಲುಬೆ ಹೊತ್ತ. ಅವತ್ತು ಗಂಟೆ ಬಾರಿಸುವ ಪದ್ಧತಿಯೂ ಇಲ್ಲ, ಹಾಗಾಗಿ ಚೌರಪ್ಪ ಬರಿಗೈಯಲ್ಲಿ ಹಿಂದೆ ನಡೆದ. "ಒಸಿ ಎಡಕ್ಕೆ ವಾಲ್ಸ್ಲಾ" ಎನ್ನಲು ಬಾಯಿ ತೆರೆದವನು, ಲೂರ್ದಮ್ಮ ಗುರಾಯಿಸಿ ನೋಡುತ್ತಿದ್ದಾಳೆಂದು ಹಾಗೇ ಮುಚ್ಚಿಕೊಂಡ.