ಹಂಚಿನಿಂದಿಳಿದು ಹೋದ ರೊಟ್ಟಿ

ಫೋನಿನಲ್ಲಿ ನಾವು ಒಂದನ್ನು ನೋಡಲು ಕೂತರೆ ಅದು ಇನ್ನೊಂದನ್ನು ತೋರಿಸುತ್ತದೆ. ಇಂಥವು ನಮ್ಮ ಮನೆಯಲ್ಲಿ ಈಗ ವಾರಕ್ಕೊಂದಾದರೂ ನಡೆಯುತ್ತವೆ. ಈ ರೊಟ್ಟಿಯ ಕಥೆಯನ್ನು ನನಗೆ ಮೊದಲು ಹೇಳಿದವರು ನನ್ನ ಮಗಳನ್ನು ಕೊಟ್ಟ ಸವಣೂರಿನ ಬೀಗರು, ಎಲೆಬಳ್ಳಿ ತೋಟದವರು. ಹೇಳಿದರು ಅನ್ನುವುದಕ್ಕಿಂತ ಅರ್ಧ ತೋರಿಸಿ ಹೋದರು ಅನ್ನಬೇಕು. ತೊಂದರೆ ಶುರುವಾದದ್ದು ಅಲ್ಲಿಂದಲೇ.

೧. ಬಸ್ಸಿನ ಹಾರನ್ನು

ಬೀಗರು ಅಂದು ಊಟ ಮುಗಿಸಿ, ಎಲೆ ಹಾಕಿಕೊಂಡು, "ಒಂದು ವಿಚಿತ್ರ ಐತಿ ನೋಡ್ರಿ" ಎಂದು ಫೋನು ತೆಗೆದರು. ನಾನು, ನನ್ನ ಹೆಂಡತಿ, ನಮ್ಮಲ್ಲೇ ಇರುವ ನನ್ನ ಅಕ್ಕ, ಮೂವರೂ ಬಗ್ಗಿದೆವು.

ಮಣ್ಣಿನಿಂದ ಮಾಡಿದ ಒಬ್ಬ ಮುದುಕಿ. ಯಾವ ದೇಶದಾಕೆಯೋ, ತಲೆಯ ಮೇಲೆ ಬಟ್ಟೆ ಹೊದ್ದಿದ್ದಾಳೆ. ಮಾತಿಲ್ಲ, ಹಾಡಿಲ್ಲ, ಟಪ್ ಟಪ್ ಎಂಬ ಸಪ್ಪಳ ಮಾತ್ರ. ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಅದು ಉಬ್ಬಿತು, ಒಂದು ಕಣ್ಣು ಬಿಟ್ಟಿತು, ಹಂಚಿನಿಂದ ಇಳಿದು ಹೊರಗೆ ನಡೆಯಿತು. ಬಾವಿಯ ದಂಡೆ ಹತ್ತಿ ಒಳಗೆ ಹಣಿಕಿತು. ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸಿನ ಹಾರನ್ನು. ಬೀಗರು ಫೋನನ್ನು ಕಿಸೆಗೆ ಹಾಕಿಕೊಂಡು ಓಡಿಯೇಬಿಟ್ಟರು.

ಅಕ್ಕ ಕೂತಲ್ಲೇ ಕೂತಿದ್ದಳು. ಪುರಾಣ ಕೇಳಲು ಕೂತರೆ ಮಂಗಳಾರತಿ ಆಗುವ ತನಕ ಏಳಬಾರದೆಂಬುದು ನಮ್ಮ ಮನೆಯ ನಡೆ. ಅರ್ಧ ಕೇಳಿ ಎದ್ದರೆ ದೋಷ.

"ಅದು ಪುರಾಣ ಅಲ್ಲ ಯಕ್ಕಾ, ಮಣ್ಣಿನ ಗೊಂಬಿ ಆಟ," ಅಂದೆ.

"ಕಥಿ ಕಥೀನ. ಆ ರೊಟ್ಟಿ ಏನಾತು ಅನ್ನೂದು ತಿಳಿಯೂತನ ನಾ ರೊಟ್ಟಿ ಮುಟ್ಟಂಗಿಲ್ಲ."

ನಮಗೆ ರೊಟ್ಟಿ ಬಡಿಯುವವಳೇ ಅಕ್ಕ. ಅದಕ್ಕಿಂತ ದೊಡ್ಡ ಚಿಂತೆ, ಆಕೆಗೆ ಸಕ್ಕರೆ ಕಾಯಿಲೆ. ಅನ್ನ ಕಡಿಮೆ ಮಾಡಿ ರೊಟ್ಟಿ ತಿನ್ನಿರೆಂದು ಹಾನಗಲ್ಲಿನ ಡಾಕ್ಟರು ಎರಡೆರಡು ಸಲ ಹೇಳಿದ್ದಾರೆ. ಮೂರು ದಿನ ಆಕೆ ಅನ್ನವನ್ನೇ ಉಂಡಳು. ನಾಲ್ಕನೆಯ ಮುಂಜಾನೆ ತಲೆ ತಿರುಗುತ್ತದೆ ಎಂದಳು. ನಾನು ಬೀಗರಿಗೆ ಫೋನು ಮಾಡಿ, ಮುಂದೇನಾಯಿತೆಂದು ಕೇಳಿದೆ.

"ನಂಗೇನ ಗೊತ್ರಿ? ಅದು ತಾನ ಬಂದಿತ್ತು, ತಾನ ಹೋತು. ನಾನೂ ಬಾವೀತನಾನ ನೋಡೇನಿ!"

೨. ಗೆರೆ ಮೇಯಿಸಿದ್ದು

ಫೋನಿಗೆ ಬಾಯಲ್ಲಿ ಹೇಳಿದರೂ ಹುಡುಕಿ ಕೊಡುತ್ತದಂತೆ. ಕೈಕಾಲು ತೊಳೆದು, ದೇವರಿಗೆ ಕೈಮುಗಿದು, ಬಿಡಿಸಿ ಬಿಡಿಸಿ ಹೇಳಿದೆ: "ಮಣ್ಣಿನ ಮುದುಕಿ. ಓಡಿ ಹೋದ ರೊಟ್ಟಿ."

ಅದು ರೊಟ್ಟಿ ಬಡಿಯುವ ಹೆಣ್ಣುಮಕ್ಕಳನ್ನು ಸಾಲಾಗಿ ತೋರಿಸಿತು. ಒಂದು ರೊಟ್ಟಿಯೂ ಓಡಲಿಲ್ಲ. ಆಮೇಲೆ ಮಣ್ಣಿನ ಗೊಂಬೆ ಎಂದೆ. ಆಗ ಬಂದವು ನೋಡಿ! ಒಂದರಲ್ಲಿ ಕುರ್ಚಿಗೆ ಎಲೆ ಚಿಗುರಿ ಉದುರಿದವು. ಇನ್ನೊಂದರಲ್ಲಿ ಬಿಳಿ ಹಾಳೆಯ ಮೇಲೆ ಒಂದೇ ಒಂದು ಕಪ್ಪು ಗೆರೆ ನಡೆದೇ ನಡೆಯಿತು. ಗುಡ್ಡ ಬಂದರೆ ಏರಿತು, ಹಳ್ಳ ಬಂದರೆ ಇಳಿಯಿತು. ಯಾರು ಮಾಡಿರಬಹುದು, ಯಾತಕ್ಕೆ ಮಾಡಿರಬಹುದು ಎಂದುಕೊಳ್ಳುತ್ತ ನಾನು ಕಣ್ಣು ತೆಗೆಯಲಿಲ್ಲ.

"ಎಲ್ಲಿಗೆ ಹೊಂಟೈತೋ, ಪಾಪ," ಎಂದಳು ಅಕ್ಕ.

"ಇದನ್ನ ನೋಡಬ್ಯಾಡ ಯಕ್ಕಾ, ಇದೂ ಅರ್ಧಾ ಆದ್ರ ನೀ ನಡಿಯೂದನ್ನೂ ಬಿಡ್ತಿ," ಎಂದು ಫೋನು ತಿರುಗಿಸಿಕೊಂಡೆ. ತಿರುಗಿಸಿಕೊಂಡವನು ಪೂರ್ತಿ ನೋಡಿದೆ, ಮತ್ತೊಂದು ಸಲವೂ ನೋಡಿದೆ.

ಹೆಂಡತಿ ಅನ್ನದ ಗಂಜಿ ಬಸಿಯುತ್ತಲೇ ಕೇಳಿದಳು: "ರೊಟ್ಟಿ ಹುಡುಕಾಕತ್ತೀರೋ, ಗೆರಿ ಮೇಯಿಸಾಕತ್ತೀರೋ?"

೩. ಅಕ್ಕಿಆಲೂರಿನ ಅಂಗಡಿಯಾತ

ಅಂದೇ ಅಕ್ಕಿಆಲೂರಿಗೆ ಹೋದೆ. ಸಂತೆಯ ದಿನ. ಮೊಬೈಲು ರಿಪೇರಿಯಾತನಿಗೆ ಮೊದಲಿನಿಂದ ಎಲ್ಲ ಹೇಳಿದೆ. ಆತ ಇಂಗ್ಲಿಷಿನಲ್ಲಿ ನಾಲ್ಕು ಶಬ್ದ ಒತ್ತಿದ. ಮುದುಕಿ ಬಂದೇಬಿಟ್ಟಳು!

"ಇದರಾಗ ಆಕಿ ಹೆಂಗ ನಡೀತಾಳಪಾ?"

"ಗೊಂಬೀನ ಒಂದು ಕೂದಲೆಳಿ ಅಷ್ಟು ಸರಸೂದು, ಒಂದು ಫೋಟೋ ಹೊಡಿಯೂದು. ಮತ್ತ ಸರಸೂದು, ಮತ್ತ ಹೊಡಿಯೂದು. ಒಂದು ಹೆಜ್ಜಿ ಇಡಸಾಕ ಒಂದು ದಿನಾ ಹಿಡೀತೈತ್ರಿ."

ಹತ್ತಿರ ಹಿಡಿದು ನೋಡಿದೆ. ಮುದುಕಿಯ ಗಲ್ಲದ ಮೇಲೆ ಹೆಬ್ಬೆರಳಿನ ಗುರುತು ಇತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ನಾವು ಮಾಡುವ ಎತ್ತಿನ ಬೆನ್ನ ಮೇಲೂ ಹೀಗೇ ಬೆರಳು ಮೂಡಿರುತ್ತದೆ. ಯಾವುದೋ ದೇಶದಲ್ಲಿ ಯಾರೋ ಕೂತು, ಇಷ್ಟು ತಾಳ್ಮೆಯಿಂದ, ಬರೀ ಒಂದು ರೊಟ್ಟಿಯನ್ನು ನಡೆಸಿದ್ದಾರೆ. ಇದೂ ಒಂದು ತಪಸ್ಸು ಅನ್ನಿಸಿತು.

"ಕೊನೀತನಾ ಹಚ್ಚಿ ತೋರಸಲೇನ್ರಿ?" ಎಂದ.

"ಬ್ಯಾಡೋ ಮಾರಾಯಾ! ಅಕ್ಕನ್ನ ಬಿಟ್ಟು ನಾನೊಬ್ಬನ ನೋಡಿದ್ರ ಮನಿಯಾಗ ಅನ್ನಾನೂ ಸಿಗಂಗಿಲ್ಲ. ನನ್ನ ಫೋನಿನ್ಯಾಗ ಇಳಿಸಿ ಕೊಡು."

ಫೋನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟೆ. ಆತ ಹಿಂದಿನಿಂದ ಕೂಗಿದ: "ಯಜಮಾನ್ರ, ಲಗೂನ ಒಯ್ರಿ, ರೊಟ್ಟಿ ಆರೀತು!"

೪. ಮುಗಿಯದ್ದನ್ನು ಮುಗಿಸಿದ್ದು

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. ಅಕ್ಕ ಮತ್ತೊಮ್ಮೆ ಸ್ನಾನ ಮಾಡಿ ಬಂದು ಕೂತಳು. ಫೋನನ್ನು ಮಣೆಯ ಮೇಲೆ, ತೆಂಗಿನಕಾಯಿಗೆ ಆನಿಸಿ ಇಟ್ಟೆ.

ರೊಟ್ಟಿ ಬಾವಿಗೆ ಹಣಿಕಿತು. ನೀರಿನಲ್ಲಿ ಚಂದ್ರನನ್ನು ಕಂಡಿತು. ಧುಮುಕಿತು. ಸ್ವಲ್ಪ ಹೊತ್ತಿಗೆ ಬಾವಿಯಿಂದ ಚಂದ್ರನೇ ತೊಯ್ದುಕೊಂಡು ಮೇಲೆ ಬಂದ. ನಡೆಯುತ್ತ ಮುದುಕಿಯ ಮನೆಗೆ ಹೋದ, ತಾನಾಗಿ ಹಂಚು ಏರಿದ. ಮುದುಕಿ ನೋಡಿದಳು, ಬಟ್ಟೆ ಹಾಕಿ ಒತ್ತಿದಳು. ಚಂದ್ರ ಉಬ್ಬಿದ, ರೊಟ್ಟಿಯಾದ, ಕಣ್ಣು ಬಿಟ್ಟ, ಹಂಚಿನಿಂದ ಇಳಿದ.

ಮತ್ತೆ ಮೊದಲಿನಿಂದ! ಮೂರು ಸಲ ನೋಡಿದೆವು. ಅದಕ್ಕೆ ಕೊನೆಯೇ ಇರಲಿಲ್ಲ. ಇನ್ನು ಅಕ್ಕ ಜೀವಮಾನವೆಲ್ಲ ಅನ್ನ ಉಣ್ಣುವವಳೇ.

ಅಕ್ಕ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಎಂದಳು: "ದಿನಾ ಬಡಿಯೂದು, ದಿನಾ ಖಾಲಿ ಆಗೂದು. ನಾನೂ ಹಂಗ ಮಾಡ್ಕೋತ ಬಂದೇನಿ. ಮಾಡಿದಾತಗ ಮುಗಸಾಕ ಬಂದಿಲ್ಲ ತಮ್ಮಾ. ನಾವ ಮುಗಸೂಣು, ಆರತಿ ತಾ."

ಕರ್ಪೂರ ಹಚ್ಚಿ, ಮಂಗಳ ಹಾಡಿ, ಫೋನಿಗೆ ಆರತಿ ಎತ್ತಿದಳು. "ಅಕ್ಕಾರ, ದೂರ ಹಿಡೀರಿ, ಸುಟ್ಟೀತು!" ಎಂದು ನನ್ನ ಹೆಂಡತಿ ಚೀರುವುದಕ್ಕೂ, ಫೋನು ಬಹಳ ಬಿಸಿಯಾಗಿದೆ ಎಂದು ಅದರಲ್ಲಿ ಅಕ್ಷರ ಮೂಡಿ ಅದು ಆರಿ ಕಪ್ಪಾಗುವುದಕ್ಕೂ ಸರಿಹೋಯಿತು.

"ನೋಡಿದ್ಯಾ? ಮಂಗಳಾರತಿ ಆತು, ಕಣ್ಣ ಮುಚ್ಚಿತು," ಎಂದು ಅಕ್ಕ ಕಾಯಿ ಒಡೆದು ಕೊಬ್ಬರಿ ಹಂಚಿ, ಸೆರಗು ಸಿಗಿಸಿಕೊಂಡು ಒಲೆಯ ಮುಂದೆ ಕೂತಳು. ಟಪ್ ಟಪ್ ಸಪ್ಪಳ ಕೇಳಿ ನನಗೆ ಜೀವ ಬಂದಂತಾಯಿತು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ನಾವು ಮೂವರೂ ಅದನ್ನೇ ನೋಡಿದೆವು.

ಅಕ್ಕ ಬಟ್ಟೆಯಿಂದ ಅದನ್ನು ಗಟ್ಟಿಯಾಗಿ ಒತ್ತಿ ಹಿಡಿದು ಹೇಳಿದಳು: "ಹೋಗೂದಿದ್ರ ನಾಳೆ ಹೋಗವಾ. ಇವತ್ತ ನಂಗ ಹಸಿವ್ಯಾಗೇತಿ!"

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿರಿ. ಆದರೆ ಬಸ್ಸಿಗೆ ಹೊರಟವರಿಗೆ ಮಾತ್ರ ಹೇಳಬೇಡಿರಿ.