ಭಾವನ ಕಾರಿನ ನಡುಕ

ಗ್ರಾಂಟ್ ರೋಡಿನ ಬಳಿಯ ಒಂದು ಗ್ಯಾರೇಜಿನಲ್ಲಿ, ಹಾಡಹಗಲಲ್ಲಿ, ನಾಲ್ಕು ಜನರೆದುರು, ನನ್ನ ಅಕ್ಕನನ್ನು ನೋಡಿ ನಕ್ಕರು. ಅದೇ ಉಸಿರಿನಲ್ಲಿ ನನ್ನ ಭಾವನಿಗೆ ತಲೆ ಸಡಿಲವಾಗಿದೆಯೆಂದೂ ಹೇಳಿದರು. ಮೊದಲನೆಯದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಎರಡನೆಯದನ್ನು ನಮ್ಮ ಮನೆಯವರೇ ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿರುವುದರಿಂದ, ಹೊರಗಿನವರಿಗೆ ಆ ಹಕ್ಕಿಲ್ಲವೆಂಬುದಷ್ಟೇ ನನ್ನ ತಕರಾರು!

ಭಾವ ಉಡುಪಿ ಕಡೆಯವರು. ಮಾಟುಂಗದಲ್ಲಿ ಹೋಟೆಲು, ಸಾಂತಾಕ್ರೂಜಿನಲ್ಲಿ ಮನೆ, ಎರಡರ ನಡುವೆ ಓಡಾಡಲು ಒಂದು ಹಳೆಯ ಕಾರು. ಓಡಾಡಲು ಎಂದೆನಲ್ಲವೇ? ತಪ್ಪು. ನಿಲ್ಲಲು! ಮದುವೆಯಾದ ಹೊಸತರಲ್ಲಿ ಬಂದ ವಿಷಮಜ್ವರ ಅಕ್ಕನ ಕಿವಿಯನ್ನು ಕೊಂಡೊಯ್ದಿತ್ತು. ಎದುರಿಗಿರುವವರ ತುಟಿ ನೋಡಿ ಅವಳು ಮಾತು ತಿಳಿಯುತ್ತಿದ್ದಳು. ಆದ್ದರಿಂದ ಅವಳಿಗೆ ಏನನ್ನಾದರೂ ಹೇಳಬೇಕೆನಿಸಿದಾಗಲೆಲ್ಲ ಭಾವ ಕಾರನ್ನು ರಸ್ತೆಯ ಬದಿಗೆ ಹಾಕಿ, ಪೂರ್ತಿ ಅವಳ ಕಡೆ ತಿರುಗಿ, "ನೋಡು, ಒಳ್ಳೆ ಸೌತೆ ಬಂದಿದೆ" ಎನ್ನುತ್ತಿದ್ದರು. ಹಿಂದೆ ಬಸ್ಸು, ಟ್ಯಾಕ್ಸಿಗಳೆಲ್ಲ ಒಟ್ಟಾಗಿ ಹಾರ್ನು ಬಾರಿಸುತ್ತಿದ್ದವು. ಅದು ಅಕ್ಕನಿಗೆ ಕೇಳಿಸುತ್ತಿರಲಿಲ್ಲ, ಭಾವ ಕೇಳಿಸಿಕೊಳ್ಳುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತು ಇಡೀ ಮುಂಬಯಿಯ ಬೈಗುಳವನ್ನು ಸ್ವೀಕರಿಸುತ್ತಿದ್ದವನು ನಾನೊಬ್ಬನೇ.

ಎಂಜಿನ್ನಿನೊಳಗೆ ಎರಡು ಹಲ್ಲುಚಕ್ರಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಸರಪಳಿಯಿರುತ್ತದೆ, ಟೈಮಿಂಗ್ ಚೈನು. ಅದು ಸವೆದಿದೆಯೆಂದು ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ಕು, ಉಸ್ತಾದರು, ಹೊಸದನ್ನು ಹಾಕಿಕೊಟ್ಟರು. ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಂತದ್ದೇ ತಡ, ಎಂದಿನಂತೆ ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಟ್ಟು ಕುಳಿತಿದ್ದ ಅಕ್ಕ, "ಇದು ನಡುಗ್ತದಲ್ಲ! ಮೊದಲು ಹೀಗಿರ್ಲಿಲ್ಲ" ಎಂದಳು. ಭಾವ ಕಿವಿಗೊಟ್ಟರು, ಕಟಕಟ ಶಬ್ದವೂ ಇತ್ತು. ನನಗೆ ಎರಡೂ ತಿಳಿಯಲಿಲ್ಲ. ನಾನು ನಿದ್ರಿಸುತ್ತಿದ್ದೆ.

ಕಾರು ಹಿಂದಿರುಗಿತು. ಹೆಂಡತಿ ಹೇಳಿದ ನಡುಕವನ್ನು ಭಾವ ತಮ್ಮ ಹೋಟೆಲಿನ ಹಿಂದಿಯಲ್ಲಿ ಹೇಳಿದರು: "ಮೇರಾ ಘರ್‌ವಾಲೀ ಬೋಲ್ತಾ ಹೈ, ಗಾಡಿ ಕಾಂಪ್ತಾ ಹೈ."

ಉಸ್ತಾದರು ಅಕ್ಕನ ಬೆನ್ನ ಹಿಂದಿನಿಂದ ಏನೋ ಕೇಳಿದರು. ಅವಳು ತಿರುಗಲಿಲ್ಲ. ಭಾವ ಕಿವಿಯ ಕಡೆ ಸನ್ನೆ ಮಾಡಿದರು.

"ಬಾಯಿ ಬಹರೀ ಹೈ? ಔರ್ ಇಂಜಿನ್ ಕಾ ಆವಾಜ್ ಪಕಡ್ತೀ ಹೈ!" ಉಸ್ತಾದರು ತೊಡೆ ತಟ್ಟಿಕೊಂಡು ನಕ್ಕರು. "ಅಣ್ಣಾ, ತುಮ್ಹಾರಾ ದಿಮಾಗ್ ಭೀ ಢೀಲಾ ಹೋ ಗಯಾ!" ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು.

ಕಿವುಡಿ ಶಬ್ದ ಹಿಡಿದಳಂತೆ! ಅಕ್ಕ ಶಬ್ದವೆಂದು ಹೇಳಲೇ ಇಲ್ಲ, ನಡುಕ ಎಂದಿದ್ದಳು. ಈ ವ್ಯತ್ಯಾಸವನ್ನು ಉಸ್ತಾದರು ಮರೆತಿರಬಹುದು, ನಾನು ಮರೆತಿಲ್ಲ. ನಗುವುದನ್ನು ಕಾಣಲು ಕಿವಿ ಬೇಕಿಲ್ಲ. ಅಕ್ಕ ಸೆರಗು ಸರಿಪಡಿಸಿಕೊಂಡಳು. ಮರಳುವಾಗ ಅವಳ ಅಂಗೈ ಡ್ಯಾಶ್‌ಬೋರ್ಡಿನ ಮೇಲಿರಲಿಲ್ಲ, ಮಡಿಲಲ್ಲಿತ್ತು. ಆಮೇಲೂ ಅಲ್ಲೇ ಉಳಿಯಿತು.

"ಬೇರೆ ಗ್ಯಾರೇಜಿಗೆ ಹೋಗೋಣ, ಭಾವ" ಎಂದೆ.

"ಎಂಥಕ್ಕೆ ಮಾರಾಯ? ನಕ್ಕವನೇ ಬಿಚ್ಚಬೇಕು. ಬಿಚ್ಚಿ, ಅವಳ ಎದುರು ನಿಂತು, ನೀವು ಹೇಳಿದ್ದು ಸರಿ ಅಂತ ಹೇಳಬೇಕು."

ಸಾಕ್ಷ್ಯ ಸಂಗ್ರಹ ಆರಂಭವಾಯಿತು. ಭಾವ ಹೋಟೆಲಿನ ಸಾಂಬಾರಿನ ಉದ್ದ ಸೌಟನ್ನು ತಂದು, ಅದರ ಬುಡವನ್ನು ಎಂಜಿನ್ನಿಗೂ ತುದಿಯನ್ನು ಕಿವಿಗೂ ಒತ್ತಿ, ವೈದ್ಯರಂತೆ ಕಣ್ಣು ಮುಚ್ಚಿದರು. ರೋಗ ತಿಳಿಯಲಿಲ್ಲ, ಕಿವಿ ಸುಟ್ಟಿತು. ಅಡುಗೆಭಟ್ಟರು ಆ ಸೌಟನ್ನು ಮತ್ತೆ ಒಳಗೆ ಸೇರಿಸಲಿಲ್ಲ.

ಮರುದಿನ, ಮಾಟುಂಗದ ನಡುಬೀದಿಯಲ್ಲಿ, ಎಂಜಿನ್ ಚಾಲೂ ಇಟ್ಟು, ಬಾನೆಟ್ಟಿನ ಮೇಲೆ ತುಳುಕುವಷ್ಟು ಕಾಫಿ ತುಂಬಿದ ಲೋಟವನ್ನು ಬಟ್ಟಲಿನ ಸಮೇತ ಇಟ್ಟರು. ಕಾಫಿ ಬಟ್ಟಲಿಗೆ ಚೆಲ್ಲತೊಡಗಿತು. ಜನ ಸೇರಿದರು. ದೇವಸ್ಥಾನದಿಂದ ಬರುತ್ತಿದ್ದ ಅಜ್ಜಿಯೊಬ್ಬರು ವಾಹನಪೂಜೆಯೆಂದು ಭಾವಿಸಿ ಲೋಟದ ಪಕ್ಕ ಹೂವಿಟ್ಟು ಕೈಮುಗಿದರು. "ಅಮ್ಮಾ, ಇದು ನೈವೇದ್ಯ ಅಲ್ಲ, ಟೆಸ್ಟು!" ಎಂದು ಭಾವ ಕೂಗಿದರು. ಅಷ್ಟರಲ್ಲಿ ಇನ್ನಿಬ್ಬರು ಪ್ರದಕ್ಷಿಣೆ ಮುಗಿಸಿದ್ದರು.

ಇನ್ನು ನನಗಾದ ಅವಮಾನ. ಕಟಕಟ ಶಬ್ದ ನನ್ನ ಕಟ್ಟಿಸಿದ ಹಲ್ಲಿನದೇ ಇರಬಹುದೆಂದು ಭಾವ ಶಂಕಿಸಿದರು! "ತೆಗಿ ಮಾರಾಯ. ಅನುಮಾನಕ್ಕೆ ಜಾಗ ಇರಬಾರದು." ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನಾನು ಸಾಂತಾಕ್ರೂಜಿನವರೆಗೆ ಬೊಚ್ಚುಬಾಯಿಯಲ್ಲಿ ಪ್ರಯಾಣ ಮಾಡಿದೆ. ಶಬ್ದ ನಿಲ್ಲಲಿಲ್ಲ. "ನೀನು ನಿರಪರಾಧಿ" ಎಂದು ತೀರ್ಪು ಬಂತು. ಕ್ಷಮೆ ಮಾತ್ರ ಬರಲಿಲ್ಲ. ಆ ಬಾಕಿಯೂ ನನ್ನ ನೆನಪಿನಲ್ಲಿದೆ.

ಕೊನೆಗೆ ಭಾವ ದಿನವೂ ಬೆಳಿಗ್ಗೆ ಗ್ಯಾರೇಜಿನ ಬಾಗಿಲಿಗೇ ಕಾರನ್ನು ತಂದು, ನಡುಗುವ ಎಂಜಿನ್ನನ್ನು ನಡುಗಲು ಬಿಟ್ಟು, ಮಡಿಸುವ ಕುರ್ಚಿ ಹಾಕಿ ಕುಳಿತರು. ಬಂದ ಗಿರಾಕಿಗಳಿಗೆಲ್ಲ ಫ್ಲಾಸ್ಕಿನ ಕಾಫಿ ಕೊಟ್ಟು, "ಬಾನೆಟ್ ಪೇ ಹಾಥ್ ರಖೋ, ದೇಖೋ" ಎನ್ನುತ್ತಿದ್ದರು. ಕಾಫಿ ಕುಡಿದವರು ಕೈಯಿಡದೆ ಇರುತ್ತಾರೆಯೇ? ಕೈಯಿಟ್ಟವರು ಉಸ್ತಾದರ ಮುಖ ನೋಡದೆ ಇರುತ್ತಾರೆಯೇ?

ಉಸ್ತಾದರು ಸೋತು ಎಂಜಿನ್ನಿನ ಮುಚ್ಚಳ ಬಿಚ್ಚಿದರು. ಚಕ್ರಗಳೆರಡರ ಮೇಲಿನ ಗುರುತುಗಳು ಎದುರುಬದುರಾಗಿ ನಿಲ್ಲಬೇಕು, ನಿಂತಿರಲಿಲ್ಲ. ಚೈನು ಒಂದು ಹಲ್ಲು ಆಚೆ ಕುಳಿತಿತ್ತು, ಸಡಿಲವೂ ಇತ್ತು. ಯಾರೂ ನಗಲಿಲ್ಲ. ಸರಿಪಡಿಸಿ ಚಾಲೂ ಮಾಡಿದರು. ಶಬ್ದವಿಲ್ಲ.

"ಅಬ್ ಉಸ್ ಕೋ ಬೋಲೋ" ಎಂದರು ಭಾವ, ಕಾರಿನಲ್ಲಿ ಕುಳಿತಿದ್ದ ಅಕ್ಕನ ಕಡೆ ಕೈತೋರಿಸಿ.

"ಹೋ ಗಯಾ ನಾ, ಅಣ್ಣಾ. ಔರ್ ಕ್ಯಾ?" ಕೆಲಸ ಮುಗಿಯಿತಲ್ಲ, ಇನ್ನೇನು ಎಂಬಂತೆ ಉಸ್ತಾದರು ಕೈಯೊರೆಸಿಕೊಂಡು ಒಳಗೆ ಹೋದರು.

ಭಾವ ಜಗಳವಾಡುವರೆಂದು ನಾನು ಅಂಗಿಯ ತೋಳು ಮಡಿಸಿ ಸಿದ್ಧನಾದೆ. ಅವರು ಆಡಲಿಲ್ಲ. ಸ್ಟಿಯರಿಂಗಿನ ಮುಂದೆ ಕುಳಿತು, ಪೂರ್ತಿ ಅಕ್ಕನ ಕಡೆ ತಿರುಗಿ, ಅವಳ ಮಡಿಲಿನಿಂದ ಆ ಕೈಯನ್ನೆತ್ತಿ ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಎಂಜಿನ್ನಿಗಾಗಿ ಕಿವಿಯನ್ನೇ ಸುಟ್ಟುಕೊಂಡ ಮನುಷ್ಯ ಈಗ ಎಂಜಿನ್ನನ್ನು ಕೇಳಿಸಿಕೊಳ್ಳಲೇ ಇಲ್ಲ. ಅವಳ ಮುಖವನ್ನು ನೋಡುತ್ತ ಕುಳಿತರು.

"ಹೇಗುಂಟು?"

ಅಕ್ಕ ಬಹಳ ಹೊತ್ತು ಅಂಗೈ ತೆಗೆಯಲಿಲ್ಲ. "ಈಗ ನಡುಗೂದಿಲ್ಲ" ಎಂದಳು. ಭಾವನ ಕಣ್ಣು ತುಂಬಿದ್ದನ್ನು ನಾನು ಹಿಂದಿನ ಸೀಟಿನಿಂದ, ಕನ್ನಡಿಯಲ್ಲಿ ಕಂಡೆ. ನಿದ್ರಿಸುತ್ತಿರುವಂತೆ ನಟಿಸಿದೆ.

ಉಸ್ತಾದರೇ, ನಾಲ್ಕು ಜನರೆದುರು ಆಕೆಯನ್ನು ನೋಡಿ ನಗಲು ನಿಮಗೆ ಒಂದು ಕ್ಷಣ ಸಾಕಾಗಿತ್ತು. ಬಿಗಿದ ಎಂಜಿನ್ನನ್ನು ಬಿಚ್ಚಿ ಜೋಡಿಸಿದ ನಿಮಗೆ, ಆಕೆಯ ಎದುರು ಬಂದು ನಿಂತು "ನೀವು ಹೇಳಿದ್ದು ಸರಿ" ಎನ್ನಲು ಯಾವುದು ಅಡ್ಡವಾಗಿತ್ತು?